ಗಾಯ ಮಾಯುವಾಗ ಎಣ್ಣೆ ಏನು ಮಾಡುತ್ತದೆ?

ನಮ್ಮ ಅವ್ವನ ಎಡಗಾಲಿನ ಹೆಬ್ಬೆರಳ ಪಕ್ಕ ಒಂದು ಗಾಯ ಆಗಿತ್ತು. ಚಪ್ಪಲಿ ಉಜ್ಜಿ ಆದದ್ದು. ಮೊದಲು ಹೆಸರುಕಾಳಿನಷ್ಟು ಇತ್ತು. ಅವ್ವನಿಗೆ ಸಕ್ಕರೆ ಕಾಯಿಲೆ. ಹತ್ತು ದಿನದಲ್ಲಿ ಅದು ಎಂಟಾಣೆ ನಾಣ್ಯದಷ್ಟಾಯಿತು. ಆಗ ಮನೆಯಲ್ಲಿ ನಡೆದ ಮೊದಲ ಕೆಲಸ ಏನು ಗೊತ್ತಾ? ದೊಡ್ಡವ್ವ ಬಂದವಳೇ ಎಣ್ಣೆ ಡಬ್ಬಿ ಎತ್ತಿಟ್ಟಳು. "ಗಾಯ ಮಾಯೂತನಕ ಎಣ್ಣಿ ಮುಟ್ಟಬ್ಯಾಡ, ನಂಜಾಗ್ತದ" ಅಂದಳು. ಶೇಂಗಾ ಹಿಂಡಿ ನಿಂತಿತು, ಬದನೆಕಾಯಿ ನಿಂತಿತು, ಒಗ್ಗರಣೆಯೂ ನಿಂತಿತು. ಗಂಜಿ ಮತ್ತು ಬೇಳೆ ಕಟ್ಟಿನ ಸಾರು ಮಾತ್ರ ಉಳಿಯಿತು.

ನಾನು ನರ್ಸಿಂಗ್ ವಿದ್ಯಾರ್ಥಿಗಳಿಗೆ ಬಯೋಕೆಮಿಸ್ಟ್ರಿ ಕಲಿಸುವವಳು. "ಎಣ್ಣೆ ಯಾಕೆ ಬೇಡ?" ಅಂತ ದೊಡ್ಡವ್ವನನ್ನು ಕೇಳಿದೆ. ಅವಳು ತಿರುಗಿ, "ಯಾಕ ಬೇಕು, ಅದನ್ನ ಹೇಳು" ಅಂದಳು. ಒಳ್ಳೆಯ ಪ್ರಶ್ನೆ ಅದು. ಗಾಯಕ್ಕೆ ಪ್ರೋಟೀನ್ ಬೇಕು, ವಿಟಮಿನ್ ಸಿ ಬೇಕು ಅಂತ ನಾವೆಲ್ಲ ಹೇಳುತ್ತೇವೆ. ಕೊಬ್ಬು ಯಾಕೆ ಬೇಕು ಅಂತ ಯಾರೂ ಬಿಡಿಸಿ ಹೇಳುವುದಿಲ್ಲ. ಇವತ್ತು ಅದನ್ನೇ ಹೇಳಬೇಕು ಅಂತ ಬಂದಿದ್ದೇನೆ.

ಕಥೆ ಇಲಿಗಳಿಂದ ಶುರುವಾಗುತ್ತದೆ. 1929ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಜಾರ್ಜ್ ಬರ್ ಮತ್ತು ಮಿಲ್ಡ್ರೆಡ್ ಬರ್ ಎಂಬ ದಂಪತಿ ಇಲಿಗಳಿಗೆ ಕೊಬ್ಬೇ ಇಲ್ಲದ ಆಹಾರ ಕೊಟ್ಟು ನೋಡಿದರು. ಸಕ್ಕರೆ, ಹಾಲಿನ ಪ್ರೋಟೀನ್, ಲವಣ, ವಿಟಮಿನ್ ಎಲ್ಲಾ ಇತ್ತು. ಕೊಬ್ಬು ಬರೀ ಉರುವಲು, ಅದರ ಬದಲು ಸಕ್ಕರೆ ಕೊಟ್ಟರೂ ನಡೆಯುತ್ತದೆ ಅಂತ ಆಗ ಎಲ್ಲರೂ ನಂಬಿದ್ದರು. ಕೆಲವು ತಿಂಗಳಲ್ಲಿ ಇಲಿಗಳ ಬಾಲ ಮೀನಿನ ಹುರುಪೆಯ ಹಾಗೆ ಆಯಿತು. ಬಾಲದ ತುದಿ ಸತ್ತು ಕಪ್ಪಾಯಿತು. ಹಿಂಗಾಲು ಕೆಂಪಾಗಿ ಸಿಪ್ಪೆ ಏಳತೊಡಗಿತು. ಇಲಿಗಳು ಸಿಕ್ಕಾಪಟ್ಟೆ ನೀರು ಕುಡಿಯುತ್ತಿದ್ದವು, ಆದರೆ ಉಚ್ಚೆ ಜಾಸ್ತಿ ಆಗಿರಲಿಲ್ಲ. ಹಾಗಾದರೆ ಆ ನೀರೆಲ್ಲ ಎಲ್ಲಿಗೆ ಹೋಯಿತು? ಚರ್ಮದ ಮೂಲಕ ಆವಿಯಾಗಿ ಹೋಗುತ್ತಿತ್ತು. ಚರ್ಮ ಸೋರುತ್ತಿತ್ತು.

ದಿನಕ್ಕೆ ಕೆಲವೇ ಹನಿ ಕೊಬ್ಬು ಕೊಟ್ಟರು. ಇಲಿಗಳು ಚೇತರಿಸಿಕೊಂಡವು. ಆ ಕೊಬ್ಬಿನೊಳಗೆ ಕೆಲಸ ಮಾಡಿದ್ದು ಲಿನೋಲಿಯಿಕ್ ಆಮ್ಲ ಎಂಬ ಒಂದು ಕೊಬ್ಬಿನಾಮ್ಲ ಅಂತ 1930ರಲ್ಲಿ ತೋರಿಸಿದರು. ನಮ್ಮ ದೇಹ ಇದನ್ನು ತಾನಾಗಿ ತಯಾರಿಸಲಾರದು, ಊಟದಿಂದಲೇ ಬರಬೇಕು.

ಇದರ ಬೆನ್ನಿಗೇ ಇನ್ನೊಂದು ಪ್ರಯೋಗ ನಡೆಯಿತು. ಅದೇ ತಂಡದ ವಿಲಿಯಂ ಬ್ರೌನ್ ಎಂಬ ವಿಜ್ಞಾನಿ ಆರು ತಿಂಗಳು ತಾವೇ ಕೊಬ್ಬಿಲ್ಲದ ಊಟ ಮಾಡಿದರು. ಅವರ ರಕ್ತದಲ್ಲಿ ಲಿನೋಲಿಯಿಕ್ ಆಮ್ಲ ಇಳಿಯಿತು. ಆದರೆ ಚರ್ಮಕ್ಕೆ ಏನೂ ಆಗಲಿಲ್ಲ. 1938ರಲ್ಲಿ ಅದರ ವರದಿ ಬಂತು. ಮನುಷ್ಯರಿಗೆ ಇದು ಅಷ್ಟೇನೂ ಬೇಕಿಲ್ಲವೇನೋ ಎಂಬ ಭಾವನೆ ಉಳಿಯಲು ಇದೂ ಒಂದು ಕಾರಣ.

ಆ ಭಾವನೆ ತಪ್ಪು ಅಂತ ಗೊತ್ತಾಗಿದ್ದು ಆಸ್ಪತ್ರೆಗಳಲ್ಲಿ. 1960ರ ದಶಕದ ಕೊನೆಗೆ, ಕರುಳು ಕೆಲಸ ಮಾಡದ ರೋಗಿಗಳಿಗೆ ರಕ್ತನಾಳದ ಮೂಲಕವೇ ಪೂರ್ತಿ ಆಹಾರ ಕೊಡುವ ವಿಧಾನ ಬಂತು. ಎಷ್ಟೋ ಜೀವ ಉಳಿಸಿದ ವಿಧಾನ ಅದು. ಆದರೆ ಅಮೆರಿಕದಲ್ಲಿ ಆಗ ರಕ್ತನಾಳಕ್ಕೆ ಕೊಡಬಹುದಾದ ಸುರಕ್ಷಿತ ಕೊಬ್ಬಿನ ದ್ರಾವಣ ಇರಲಿಲ್ಲ. ಹತ್ತಿಬೀಜದ ಎಣ್ಣೆಯದೊಂದು ಇತ್ತು, ತೊಂದರೆ ಕೊಟ್ಟದ್ದರಿಂದ ಅದನ್ನು ವಾಪಸ್ ಪಡೆದಿದ್ದರು. ಹಾಗಾಗಿ ರೋಗಿಗಳಿಗೆ ಗ್ಲೂಕೋಸ್ ಮತ್ತು ಅಮೈನೋ ಆಮ್ಲ ಮಾತ್ರ ಹೋಗುತ್ತಿತ್ತು. ಕೆಲವೇ ವಾರಗಳಲ್ಲಿ ಚರ್ಮ ಒಣಗಿ ಹುರುಪೆ ಏಳುತ್ತಿತ್ತು. ಕೂದಲು ಉದುರುತ್ತಿತ್ತು. ಆಪರೇಷನ್ ಗಾಯ ಮಾಯುತ್ತಿರಲಿಲ್ಲ. ಬರ್ ದಂಪತಿಯ ಇಲಿಗಳಲ್ಲಿ ಕಂಡಿದ್ದೇ ಇಲ್ಲಿ ಮನುಷ್ಯರಲ್ಲಿ ಕಂಡಿತು. ಸ್ವೀಡನ್ನಿನಲ್ಲಿ ಆರ್ವಿಡ್ ವ್ರೆಟ್ಲಿಂಡ್ 1962ರ ಹೊತ್ತಿಗೇ ಸೋಯಾ ಎಣ್ಣೆಯ ದ್ರಾವಣ ಸಿದ್ಧ ಮಾಡಿದ್ದರು. ಅದು 1975ರಲ್ಲಿ ಅಮೆರಿಕಕ್ಕೂ ಬಂತು. ಆಮೇಲೆ ಈ ತೊಂದರೆ ಹತೋಟಿಗೆ ಬಂತು.

ಇಲ್ಲಿ ಒಂದು ನಿಮಿಷ ನಿಲ್ಲೋಣ. ಬ್ರೌನ್ ಆರು ತಿಂಗಳು ಕೊಬ್ಬು ಬಿಟ್ಟರೂ ಏನೂ ಆಗಲಿಲ್ಲ. ಈ ರೋಗಿಗಳಿಗೆ ಕೆಲವೇ ವಾರದಲ್ಲಿ ಚರ್ಮ ಕೆಟ್ಟಿತು. ಯಾಕೆ? ಇಬ್ಬರ ಮೈಯಲ್ಲೂ ಕೊಬ್ಬಿನ ದಾಸ್ತಾನು ಇತ್ತಲ್ವಾ? ಇತ್ತು. ನಾವು ತಿಂದ ಲಿನೋಲಿಯಿಕ್ ಆಮ್ಲ ಸೊಂಟದಲ್ಲಿ, ತೊಡೆಯಲ್ಲಿ ವರ್ಷಗಟ್ಟಲೆ ಕೂತಿರುತ್ತದೆ. ಬ್ರೌನ್ ರಾತ್ರಿ ಮಲಗಿದಾಗ, ಹೊಟ್ಟೆ ಖಾಲಿಯಾದಾಗ, ಆ ದಾಸ್ತಾನಿನಿಂದ ಸ್ವಲ್ಪ ಸ್ವಲ್ಪ ಹೊರಗೆ ಬರುತ್ತಿತ್ತು. ಈ ರೋಗಿಗಳಿಗೆ ಹಗಲೂ ರಾತ್ರಿ ಗ್ಲೂಕೋಸ್ ಹನಿ ಬೀಳುತ್ತಲೇ ಇತ್ತು. ಗ್ಲೂಕೋಸ್ ಬಂದರೆ ಇನ್ಸುಲಿನ್ ಏರುತ್ತದೆ. ಇನ್ಸುಲಿನ್ ಇರುವತನಕ ಕೊಬ್ಬಿನ ಕೋಶ ಬಾಗಿಲು ತೆಗೆಯುವುದಿಲ್ಲ. ಕಣಜದಲ್ಲಿ ಕಾಳಿತ್ತು, ಕಣಜಕ್ಕೆ ಬೀಗ ಬಿದ್ದಿತ್ತು. ಈ ಬೀಗದ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಚರ್ಮ ಸೋರುವ ಮಾತು ಬಂದಾಗ ಎಣ್ಣೆ ಹಚ್ಚುವ ಮಾತನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಇಲ್ಲಿ ಬಾಣಂತಿ ಆರೈಕೆ ಮಾಡಿದ ಅಮ್ಮಂದಿರು ಜಾಸ್ತಿ ಇದ್ದೀರಿ. ಕರುಳಿನ ದೊಡ್ಡ ಭಾಗ ಕತ್ತರಿಸಿ ತೆಗೆದ ಕೆಲವು ರೋಗಿಗಳ ಚರ್ಮಕ್ಕೆ ಇಂಗ್ಲೆಂಡಿನ ಸಂಶೋಧಕರು ದಿನಾ ಸೂರ್ಯಕಾಂತಿ ಎಣ್ಣೆ ಹಚ್ಚಿದರು. ವಾರಗಳು ಕಳೆದಂತೆ ಚರ್ಮದಿಂದ ನೀರು ಸೋರುವುದು ಕಡಿಮೆಯಾಯಿತು, ರಕ್ತದಲ್ಲೂ ಲಿನೋಲಿಯಿಕ್ ಆಮ್ಲ ಏರಿತು. 1974ರ ವರದಿ ಇದು. ಆಮೇಲೆ ಬೇರೆಯವರು ಮಾಡಿ ನೋಡಿದಾಗ ಎಲ್ಲ ರೋಗಿಗಳಿಗೂ ಇದೊಂದೇ ಸಾಕಾಗಲಿಲ್ಲ. ಆದರೂ ಎಣ್ಣೆ ಚರ್ಮದೊಳಗೆ ಇಳಿಯುತ್ತದೆ ಎಂಬುದು ಖಚಿತವಾಯಿತು. 2005ರಲ್ಲಿ ಢಾಕಾದ ಆಸ್ಪತ್ರೆಯೊಂದರಿಂದ ಇನ್ನೊಂದು ವರದಿ ಬಂತು. ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳಿಗೆ ಸೂರ್ಯಕಾಂತಿ ಎಣ್ಣೆ ಹಚ್ಚಿದಾಗ ರಕ್ತಕ್ಕೆ ಸೋಂಕು ತಗಲುವುದು ಸುಮಾರು 40% ಕಡಿಮೆಯಾಯಿತು. ನಮ್ಮ ಚರ್ಮದ ಮೇಲ್ಪದರದಲ್ಲಿ ಸೆರಮೈಡ್ ಎಂಬ ಮೇಣದಂಥ ವಸ್ತು ಇದೆ. ಇಟ್ಟಿಗೆಗಳ ನಡುವಿನ ಗಾರೆ ಇದ್ದ ಹಾಗೆ. ಅದರ ಒಂದು ಬಗೆಗೆ ಲಿನೋಲಿಯಿಕ್ ಆಮ್ಲವೇ ಬೇಕು, ಬೇರೆ ಕೊಬ್ಬಿನಾಮ್ಲ ಹಾಕಿದರೆ ಗಾರೆ ಹಿಡಿಯುವುದಿಲ್ಲ.

ಈಗ ಗಾಯದ ಒಳಗೆ ಹೋಗೋಣ.

ಈ ಮೇಜಿನ ಮೇಲೆ ಎರಡು ಬಾಟಲಿ ಇಟ್ಟಿದ್ದೇನೆ, ನೋಡಿ. ಇಲ್ಲಿಗೆ ಬರುವ ಮುಂಚೆ ಎರಡನ್ನೂ ಫ್ರಿಜ್ಜಿನಿಂದ ತೆಗೆದೆ. ಇದು ಕೊಬ್ಬರಿ ಎಣ್ಣೆ. ಬಾಟಲಿ ತಲೆಕೆಳಗು ಮಾಡಿದರೂ ಅಲ್ಲಾಡುತ್ತಿಲ್ಲ. ಇದು ಕುಸುಬಿ ಎಣ್ಣೆ. ನೀರಿನ ಹಾಗೆ ಓಡುತ್ತಿದೆ. ಕೊಬ್ಬರಿ ಎಣ್ಣೆಯ ಕೊಬ್ಬಿನಾಮ್ಲಗಳು ನೇರ ಕಡ್ಡಿಗಳ ಹಾಗೆ. ಬೆಂಕಿಪೆಟ್ಟಿಗೆಯ ಕಡ್ಡಿಗಳಂತೆ ಒತ್ತೊತ್ತಾಗಿ ಕೂತು ಗಟ್ಟಿಯಾಗುತ್ತವೆ. ಕುಸುಬಿಯವು ನಡುವೆ ಬಾಗಿದ ಕಡ್ಡಿಗಳು. ಎಷ್ಟು ಒತ್ತಿದರೂ ನಡುವೆ ಸಂದಿ ಉಳಿಯುತ್ತದೆ. ನಮ್ಮ ಪ್ರತಿ ಜೀವಕೋಶದ ಪೊರೆಯೂ ಇಂಥ ಕಡ್ಡಿಗಳಿಂದಲೇ ಕಟ್ಟಿದ್ದು. ನಾವು ಯಾವ ಕೊಬ್ಬು ತಿನ್ನುತ್ತೇವೋ ಅದರಂತೆ ಪೊರೆಯ ಮಿಶ್ರಣವೂ ನಿಧಾನವಾಗಿ ಬದಲಾಗುತ್ತದೆ. ಪೂರ್ತಿ ಬದಲಾಗುವುದಿಲ್ಲ, ದೇಹ ತನ್ನ ಹದ ತಾನು ಕಾಯ್ದುಕೊಳ್ಳುತ್ತದೆ. ಆದರೆ ವಾರಗಳಲ್ಲಿ ಅಳೆಯುವಷ್ಟು ಬದಲಾಗುತ್ತದೆ.

ಪೊರೆ ಬರೀ ಗೋಡೆಯಾಗಿದ್ದರೆ ಮಾತು ಇಲ್ಲಿಗೇ ಮುಗಿಯುತ್ತಿತ್ತು. ಅದು ಉಗ್ರಾಣವೂ ಹೌದು. ಈಳಿಗೆಯಿಂದ ಬೆರಳು ಕೊಯ್ದುಕೊಂಡಿರಿ ಅಂತ ಇಟ್ಟುಕೊಳ್ಳಿ. ಆ ಕ್ಷಣದಲ್ಲೇ ಕೋಶದೊಳಗಿನ ಒಂದು ಕಿಣ್ವ ಪೊರೆಯಿಂದ ಅರಾಕಿಡೋನಿಕ್ ಆಮ್ಲವನ್ನು ಕತ್ತರಿಸಿ ಬಿಡಿಸುತ್ತದೆ. ಇದು ಲಿನೋಲಿಯಿಕ್ ಆಮ್ಲದಿಂದ ನಮ್ಮ ದೇಹವೇ ಮಾಡಿಟ್ಟುಕೊಂಡದ್ದು. ಪ್ಲೇಟ್‌ಲೆಟ್‌ಗಳಲ್ಲಿ ಅದು ಥ್ರಾಂಬಾಕ್ಸೇನ್ ಆಗುತ್ತದೆ, ರಕ್ತ ಕಟ್ಟಲು ನೆರವಾಗುತ್ತದೆ. ಪಕ್ಕದ ಕೋಶಗಳಲ್ಲಿ ಪ್ರೋಸ್ಟಾಗ್ಲ್ಯಾಂಡಿನ್ ಆಗುತ್ತದೆ. ಗಾಯ ಕೆಂಪಾಗುವುದು, ಬಾವು ಬರುವುದು, ನೋಯುವುದು ಬಹುಮಟ್ಟಿಗೆ ಇದರ ಕೆಲಸ. ಬಿಳಿ ರಕ್ತಕಣಗಳಲ್ಲಿ ಲ್ಯೂಕೋಟ್ರೈಯೀನ್ ಆಗುತ್ತದೆ. ಅದು ಡಂಗುರ ಇದ್ದ ಹಾಗೆ. ಅದರ ಕರೆಗೆ ನ್ಯೂಟ್ರೋಫಿಲ್ ಎಂಬ ಕಣಗಳು ರಕ್ತನಾಳದಿಂದ ಹೊರಬಿದ್ದು ಗಾಯಕ್ಕೆ ಓಡಿಬರುತ್ತವೆ, ಸೂಕ್ಷ್ಮಜೀವಿಗಳನ್ನು ನುಂಗುತ್ತವೆ. ಕೀವು ಅಂದರೆ ಬಹುಪಾಲು ಹೀಗೆ ಬಂದು ಸತ್ತ ನ್ಯೂಟ್ರೋಫಿಲ್‌ಗಳೇ. ಆಸ್ಪಿರಿನ್ ನೋವು ಇಳಿಸುವುದು ಪ್ರೋಸ್ಟಾಗ್ಲ್ಯಾಂಡಿನ್ ತಯಾರಿಕೆ ತಡೆದು ಎಂದು ಜಾನ್ ವೇನ್ 1971ರಲ್ಲಿ ತೋರಿಸಿದರು. 1982ರ ನೊಬೆಲ್ ಪ್ರಶಸ್ತಿ ಅವರಿಗೂ ಸ್ವೀಡನ್ನಿನ ಬರ್ಗ್‌ಸ್ಟ್ರಾಮ್ ಮತ್ತು ಸಾಮ್ಯುಯೆಲ್ಸನ್ ಅವರಿಗೂ ಬಂದದ್ದು ಈ ಕೆಲಸಕ್ಕೇ.

ದೊಡ್ಡವ್ವ ಹೇಳಿದ ನಂಜು ಈ ಹಂತವನ್ನೇ ನೋಡಿ ಹುಟ್ಟಿದ ಮಾತಿರಬೇಕು ಅಂತ ನನಗೆ ಅನ್ನಿಸುತ್ತದೆ. ಕೆಂಪು, ಬಾವು, ಕೀವು ಕಂಡರೆ ಯಾರಿಗೂ ಭಯ ಆಗುತ್ತದೆ. ಆದರೆ ಮೊದಲ ಎರಡು ಮೂರು ದಿನ ಈ ಉರಿ ಬೇಕೇ ಬೇಕು. ಅದಿಲ್ಲದಿದ್ದರೆ ಗಾಯ ಸ್ವಚ್ಛವಾಗುವುದಿಲ್ಲ. ಅದು ಆರದೇ ಉಳಿದರೆ ಮಾತ್ರ ಕಷ್ಟ.

ಹಾಗಾದರೆ ಅದನ್ನು ಆರಿಸುವವರು ಯಾರು? ಉರಿಗೆ ಸೌದೆ ಮುಗಿದರೆ ತಾನೇ ಆರುತ್ತದೆ ಅಂತ ಬಹಳ ಕಾಲ ಅಂದುಕೊಂಡಿದ್ದರು. ಅದು ನಿಜವಲ್ಲ ಎಂದು ಚಾರ್ಲ್ಸ್ ಸೆರ್ಹಾನ್ ಎಂಬ ಅಮೆರಿಕದ ವಿಜ್ಞಾನಿಯ ತಂಡ ತೋರಿಸಿತು. ಮೊದಲು ಬಾವು ತಂದ ಅದೇ ಪ್ರೋಸ್ಟಾಗ್ಲ್ಯಾಂಡಿನ್, ಸ್ವಲ್ಪ ಹೊತ್ತಾದ ಮೇಲೆ ಬಿಳಿ ಕಣಗಳಿಗೆ "ತಯಾರಿಕೆ ಬದಲಿಸಿ" ಅಂತ ಸೂಚನೆ ಕೊಡುತ್ತದೆ. ಆಗ ಅವು ಅರಾಕಿಡೋನಿಕ್ ಆಮ್ಲದಿಂದಲೇ ಲಿಪಾಕ್ಸಿನ್ ಎಂಬ ಬೇರೆ ವಸ್ತು ಮಾಡತೊಡಗುತ್ತವೆ. ಅದು ಹೊಸ ನ್ಯೂಟ್ರೋಫಿಲ್‌ಗಳಿಗೆ "ಸಾಕು, ಬರಬೇಡಿ" ಅನ್ನುತ್ತದೆ. ಈ ಬದಲಾವಣೆಯ ವರದಿ ಬಂದದ್ದು 2001ರಲ್ಲಿ. ಅದೇ ಹೊತ್ತಿಗೆ ಮೀನಿನ ಎಣ್ಣೆಯಲ್ಲಿರುವ ಒಮೆಗಾ-3 ಕೊಬ್ಬಿನಾಮ್ಲಗಳಿಂದ ದೇಹ ರಿಸಾಲ್ವಿನ್ ಎಂಬ ಶಮನಕಾರಿಗಳನ್ನು ಮಾಡುತ್ತದೆ ಎಂಬುದನ್ನೂ ಅವರು ಕಂಡುಹಿಡಿದರು. ಕಿಡಿ ಹಚ್ಚುವುದು ಕೊಬ್ಬಿನಾಮ್ಲ, ಆರಿಸುವುದೂ ಕೊಬ್ಬಿನಾಮ್ಲ. ಎಣ್ಣೆ ಡಬ್ಬಿ ಎತ್ತಿಟ್ಟರೆ ಎರಡಕ್ಕೂ ಸರಕು ನಿಂತಂತೆ.

ಆಮೇಲೆ ಮ್ಯಾಕ್ರೋಫೇಜ್‌ಗಳ ಸರದಿ. ಇವು ದೊಡ್ಡ ಬಾಯಿಯ ಕೋಶಗಳು. ಸತ್ತ ನ್ಯೂಟ್ರೋಫಿಲ್‌ಗಳನ್ನು ಇಡಿಯಾಗಿ ನುಂಗುತ್ತವೆ. ನುಂಗಿದ ಕೋಶದ ಪೊರೆಯಲ್ಲಿ ಕೊಬ್ಬು ಇರುತ್ತದಲ್ವಾ, ಅದನ್ನು ಉರಿಸಿ ಶಕ್ತಿ ಮಾಡಿಕೊಳ್ಳುತ್ತವೆ. ಹೀಗೆ ಕೊಬ್ಬು ಉರಿಸುತ್ತಾ ಅವುಗಳ ಸ್ವಭಾವವೇ ಬದಲಾಗುತ್ತದೆ. ಹೊಡೆದಾಡುತ್ತಿದ್ದ ಕೋಶ ಕಟ್ಟುವ ಕೋಶವಾಗುತ್ತದೆ, ಹೊಸ ರಕ್ತನಾಳಕ್ಕೆ, ಗಾಯವನ್ನು ಹೆಣೆಯುವ ಕೊಲಾಜನ್ ಎಂಬ ಪ್ರೋಟೀನ್ ನೂಲಿಗೆ ಸಂದೇಶ ಕಳಿಸುತ್ತದೆ. ಸಕ್ಕರೆ ಕಾಯಿಲೆಯವರ ಗಾಯದಲ್ಲಿ ಎಷ್ಟೋ ಮ್ಯಾಕ್ರೋಫೇಜ್‌ಗಳು ಈ ತಿರುವು ದಾಟದೆ ಹೊಡೆದಾಟದಲ್ಲೇ ಸಿಕ್ಕಿಬೀಳುತ್ತವೆ. ಅವ್ವನ ಬೆರಳಿನಲ್ಲಿ ನಡೆಯುತ್ತಿದ್ದದ್ದು ಬಹುಶಃ ಅದೇ.

ಈಗ ಕಣಜದ ಬೀಗಕ್ಕೆ ಬರೋಣ. ನನಗೆ ತುಂಬಾ ಇಷ್ಟವಾದ ಭಾಗ ಇದು. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಸಂಶೋಧಕರು ಹಣ್ಣಿನ ನೊಣದ ಪ್ಯೂಪಾಕ್ಕೆ, ಅಂದರೆ ಹುಳು ನೊಣವಾಗುವ ನಡುವಿನ ಹಂತಕ್ಕೆ, ಒಂದು ಪುಟ್ಟ ಗಾಯ ಮಾಡಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾ ಕೂತರು. ಸುಮ್ನೆ ತೇಲುತ್ತವೆ ಅಂದುಕೊಂಡಿದ್ದ ದಪ್ಪ ದಪ್ಪ ಕೊಬ್ಬಿನ ಕೋಶಗಳು ಮೈ ಹಿಂಡಿಕೊಳ್ಳುತ್ತಾ, ಈಜುತ್ತಾ ಗಾಯದ ಕಡೆ ಬಂದವು. ಬಂದು ಗಾಯದ ಬಾಯಿಗೆ ಬಿರಡೆಯಂತೆ ಕೂತವು. ಸೂಕ್ಷ್ಮಜೀವಿ ಕೊಲ್ಲುವ ವಸ್ತು ಬಿಟ್ಟವು. ಗಾಯ ಮುಚ್ಚಿದ ಮೇಲೆ ಹೊರಟುಹೋದವು. ಇದು 2018ರ ಮಾತು. ಎರಡು ವರ್ಷದ ನಂತರ ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು ಇಲಿಯ ಚರ್ಮ ನೋಡಿದರು. ಚರ್ಮದ ಕೆಳಗಿನ ಕೊಬ್ಬಿನ ಕೋಶಗಳು ಗಾಯವಾದ ಕೂಡಲೇ ಕಣಜದ ಬೀಗ ತೆಗೆದು, ತಮ್ಮ ದಾಸ್ತಾನು ಒಡೆದು ಕೊಬ್ಬಿನಾಮ್ಲ ಹೊರಗೆ ಬಿಡುತ್ತವೆ. ದಾಸ್ತಾನು ಒಡೆಯುವ ಕಿಣ್ವವನ್ನು ತೆಗೆದುಹಾಕಿದಾಗ ಗಾಯಕ್ಕೆ ಬರುವ ಮ್ಯಾಕ್ರೋಫೇಜ್ ಕಡಿಮೆಯಾದವು, ಹೊಸ ರಕ್ತನಾಳ ಸರಿಯಾಗಿ ಬೆಳೆಯಲಿಲ್ಲ. ಬೆರಳು ಕೊಯ್ದ ದಿನ ತಿಂದ ಎಣ್ಣೆಗಿಂತ, ಕಳೆದ ವರ್ಷ ತಿಂದು ಚರ್ಮದಡಿ ಕೂಡಿಟ್ಟ ಎಣ್ಣೆ ಅಲ್ಲಿ ಮೊದಲು ಕೆಲಸಕ್ಕೆ ಬರುತ್ತದೆ ಅಂತಾಯಿತು.

ಒಮೆಗಾ-3 ಅಷ್ಟು ಒಳ್ಳೆಯದಾದರೆ ಗಾಯವಾದವರಿಗೆಲ್ಲ ಮೀನೆಣ್ಣೆ ಮಾತ್ರೆ ಕೊಟ್ಟುಬಿಡೋಣ ಅಲ್ವಾ? ಇಲ್ಲಿ ತಾಳ್ಮೆ ಬೇಕು. 1993ರಲ್ಲಿ ಇಲಿಗಳ ಮೇಲೆ ಒಂದು ಅಧ್ಯಯನ ಬಂತು. ಮೀನೆಣ್ಣೆ ತಿಂದ ಇಲಿಗಳ ಗಾಯ, ಮೆಕ್ಕೆಜೋಳದ ಎಣ್ಣೆ ತಿಂದವುಗಳ ಗಾಯಕ್ಕಿಂತ 30ನೇ ದಿನಕ್ಕೆ ದುರ್ಬಲವಾಗಿತ್ತು. ಎಳೆದರೆ ಬೇಗ ಹರಿಯುತ್ತಿತ್ತು. ಕೊಲಾಜನ್ ಪ್ರಮಾಣ ಎರಡರಲ್ಲೂ ಒಂದೇ. ನೂಲು ಅಷ್ಟೇ ಇತ್ತು, ನೇಯ್ಗೆ ಸಡಿಲವಾಗಿತ್ತು.

ಮನುಷ್ಯರ ಮೇಲಿನದು 2008ರದು, ಅಮೆರಿಕದ ಒಹಾಯೋದಲ್ಲಿ ನಡೆದದ್ದು. 30 ಜನ ಆರೋಗ್ಯವಂತರು. ಕೆಲವರಿಗೆ ನಾಲ್ಕು ವಾರ ಮೀನೆಣ್ಣೆ, ಉಳಿದವರಿಗೆ ಬರೀ ಹೆಸರಿಗೆ ಮಾತ್ರೆ. ಆಮೇಲೆ ಮುಂಗೈ ಮೇಲೆ ಹೀರುವ ಉಪಕರಣದಿಂದ ಪುಟ್ಟ ಗುಳ್ಳೆಗಳನ್ನು ಎಬ್ಬಿಸಿ, ಅದರೊಳಗಿನ ನೀರು ತೆಗೆದು ಪರೀಕ್ಷಿಸಿದರು. ಉರಿಯೂತದ ಒಂದು ಮುಖ್ಯ ಸಂದೇಶವಾಹಕ ಮೀನೆಣ್ಣೆ ತಿಂದವರಲ್ಲಿ ಕಡಿಮೆ ಇರಬೇಕು ಅಂತ ಎಲ್ಲರ ಲೆಕ್ಕ. ಜಾಸ್ತಿ ಇತ್ತು! ಗಾಯ ಬೇಗ ಮಾಯಲೂ ಇಲ್ಲ. ರಕ್ತದಲ್ಲಿ ಉರಿ ಇಳಿಸುವ ವಸ್ತು ಗಾಯದೊಳಗೆ ಬೇರೆ ರೀತಿ ನಡೆದುಕೊಳ್ಳಬಹುದು ಅಂತ ಆಗ ಅರ್ಥವಾಯಿತು. ಆರೋಗ್ಯವಂತರ ಗಾಯದಲ್ಲಿ ಉರಿ ತನ್ನ ಹೊತ್ತಿಗೆ ತಾನೇ ಹತ್ತಿ ತಾನೇ ಆರುತ್ತದೆ, ಅದರ ನಡುವೆ ಕೈ ಹಾಕಿದರೆ ಲಾಭ ಕಾಣಲಿಲ್ಲ.

ಆರದ ಗಾಯದ ಮಾತು ಬೇರೆ. ಇರಾನಿನ ಕಾಶಾನ್‌ನಲ್ಲಿ ಸಕ್ಕರೆ ಕಾಯಿಲೆಯಿಂದ ಕಾಲಿನ ಹುಣ್ಣಾದ 60 ಜನರನ್ನು ತೆಗೆದುಕೊಂಡು, ಅರ್ಧ ಜನಕ್ಕೆ ಅಗಸೆ ಎಣ್ಣೆಯ ಒಮೆಗಾ-3 ಮಾತ್ರೆಯನ್ನು ದಿನಕ್ಕೆರಡು ಸಲ 12 ವಾರ ಕೊಟ್ಟರು. ಅವರ ಹುಣ್ಣಿನ ಉದ್ದ, ಅಗಲ, ಆಳ ಉಳಿದವರಿಗಿಂತ ಜಾಸ್ತಿ ಇಳಿಯಿತು. 2017ರ ಅಧ್ಯಯನ. ಚಿಕ್ಕದು, ಇದೊಂದನ್ನೇ ನಂಬಿ ಮಾತ್ರೆ ಕೊಳ್ಳಲು ಓಡಬೇಡಿ. ಆದರೆ ಅಗಸಿ ಅಂದ ಕೂಡಲೇ ನನಗೆ ನಮ್ಮ ಅಡುಗೆಮನೆ ನೆನಪಾಯಿತು.

ನಮ್ಮ ಕಡೆ ಊಟದ ತಟ್ಟೆ ನೋಡಿ. ರೊಟ್ಟಿ ಪಕ್ಕದಲ್ಲಿ ಗುರೆಳ್ಳು ಹಿಂಡಿ, ಅಗಸಿ ಹಿಂಡಿ, ಮೇಲೆ ಹಸಿ ಕುಸುಬಿ ಎಣ್ಣೆ. ಗುರೆಳ್ಳು ಮತ್ತು ಹಳೇ ತಳಿಯ ಕುಸುಬಿ ಎಣ್ಣೆಯಲ್ಲಿ ಸುಮಾರು 70% ಲಿನೋಲಿಯಿಕ್ ಆಮ್ಲ. ಅಗಸೆ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಒಮೆಗಾ-3. ಶೇಂಗಾ ಎಣ್ಣೆಯಲ್ಲಿ ಸುಮಾರು 30% ಲಿನೋಲಿಯಿಕ್. ಕೊಬ್ಬರಿ ಎಣ್ಣೆಯಲ್ಲಿ ಸುಮಾರು 2% ಅಷ್ಟೇ. ಕರಾವಳಿಯವರು ತೆಂಗು ಜಾಸ್ತಿ ತಿಂದರೂ ಜೊತೆಗೆ ಬೂತಾಯಿ, ಬಂಗುಡೆ ತಿನ್ನುತ್ತಾರೆ, ಒಮೆಗಾ-3 ನೇರವಾಗಿ ಮೀನಿನಿಂದ ಬರುತ್ತದೆ. ಅಗಸೆಯದು ಸಸ್ಯದ ಒಮೆಗಾ-3. ಅದನ್ನು ಮೀನಿನಲ್ಲಿರುವ ರೂಪಕ್ಕೆ ನಮ್ಮ ದೇಹ ಬದಲಿಸುವುದು ಬಹಳ ಸ್ವಲ್ಪ. ಇನ್ನೊಂದು ಮಾತು, ಅಗಸೆಯನ್ನು ಇಡಿಯಾಗಿ ನುಂಗಿದರೆ ಹಾಗೇ ಹೊರಗೆ ಹೋಗುತ್ತದೆ. ಕುಟ್ಟಿ ಹಿಂಡಿ ಮಾಡಿದ ನಮ್ಮ ಹಿರಿಯರು ಸರಿಯಾಗಿಯೇ ಮಾಡಿದ್ದರು.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಆಪರೇಷನ್‌ಗೆ ಮುಂಚೆ ಮೀನೆಣ್ಣೆ ಮಾತ್ರೆ ನಿಲ್ಲಿಸಬೇಕಾ ಅಂತ ಒಬ್ಬರು ಕೇಳಿದರು. ಸಮುದ್ರದ ಆಹಾರವನ್ನೇ ಹೆಚ್ಚು ತಿನ್ನುತ್ತಿದ್ದ ಗ್ರೀನ್‌ಲ್ಯಾಂಡಿನ ಇನ್ಯೂಟ್ ಜನರಲ್ಲಿ ರಕ್ತ ಕಟ್ಟಲು ಹೆಚ್ಚು ಹೊತ್ತು ಹಿಡಿಯುತ್ತದೆ ಎಂದು 1970ರ ದಶಕದಲ್ಲಿ ಡೆನ್ಮಾರ್ಕಿನ ಬ್ಯಾಂಗ್ ಮತ್ತು ಡ್ಯುಯರ್‌ಬರ್ಗ್ ಕಂಡಿದ್ದರು. ಮೀನೆಣ್ಣೆಯಿಂದ ರಕ್ತಸ್ರಾವ ಹೆಚ್ಚಾದೀತು ಎಂಬ ಭಯ ಅಲ್ಲಿಂದ ಬೆಳೆಯಿತು. ಆದರೆ ಹೃದಯದ ಆಪರೇಷನ್ ಆದ ಸುಮಾರು 1,500 ಜನರ ದೊಡ್ಡ ಅಧ್ಯಯನದಲ್ಲಿ ಮೀನೆಣ್ಣೆಯಿಂದ ರಕ್ತಸ್ರಾವ ಹೆಚ್ಚಾಗಲಿಲ್ಲ. ಆದರೂ ನೀವೇ ತೀರ್ಮಾನ ಮಾಡಬೇಡಿ. ಬೇರೆ ಯಾವ ಮಾತ್ರೆ ನುಂಗುತ್ತಿದ್ದೀರಿ ಎಂಬುದರ ಮೇಲೆ ಅದು ನಿಂತಿದೆ. ಡಾಕ್ಟರಿಗೆ ಹೇಳಿ, ಅವರು ಹೇಳಿದಂತೆ ಮಾಡಿ.

ಹಾಗಾದರೆ ಗಾಯ ಆದವರಿಗೆ ಕರಿದ ಬಜ್ಜಿ ಕೊಡಬಹುದಾ ಅಂತ ಒಬ್ಬ ಹುಡುಗಿ ಕೇಳಿದಳು. ಬೇಡ ತಂಗಿ. ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಲ್ಲಿ ಆ ಬಾಗಿದ ಕಡ್ಡಿಗಳೇ ಮೊದಲು ಕೆಡುತ್ತವೆ. ಒಗ್ಗರಣೆಗೆ, ಪಲ್ಯಕ್ಕೆ ಹಾಕುವ ಎಣ್ಣೆ ಸಾಕು. ಜೊತೆಗೆ ಬೇಳೆ, ಮೊಟ್ಟೆ, ಹಾಲು ಬಿಡಬೇಡಿ. ಸಕ್ಕರೆ ಹತೋಟಿಯಲ್ಲಿಲ್ಲದಿದ್ದರೆ ಯಾವ ಎಣ್ಣೆಯೂ ಗಾಯ ಮಾಯಿಸುವುದಿಲ್ಲ.

ಕೊನೆಗೆ ಮುಂದಿನ ಸಾಲಿನಲ್ಲಿದ್ದ ಅಜ್ಜಿಯೊಬ್ಬರು, "ನಿಮ್ಮವ್ವನ ಗಾಯ ಏನಾತು?" ಅಂತ ಕೇಳಿದರು. ಮಾದಿತು, ಅಜ್ಜಿ. ಹದಿನಾಲ್ಕು ವಾರ ಹಿಡಿಯಿತು. ಇನ್ಸುಲಿನ್ ಪ್ರಮಾಣ ಸರಿ ಮಾಡಿದರು. ವಾರಕ್ಕೆರಡು ಸಲ ಸತ್ತ ಚರ್ಮ ಬಿಡಿಸಿ ಪಟ್ಟಿ ಕಟ್ಟಿದರು. ಬೆರಳಿಗೆ ಉಜ್ಜದ ಮೆತ್ತನೆ ಚಪ್ಪಲಿ ತಂದೆವು. ಎಣ್ಣೆ ಡಬ್ಬಿ ಮೂರನೇ ವಾರದಲ್ಲಿ ಒಲೆ ಪಕ್ಕಕ್ಕೆ ವಾಪಸ್ ಬಂತು. ಇದರಲ್ಲಿ ಎಣ್ಣೆಯ ಪಾಲೆಷ್ಟು ಅಂತ ಒಬ್ಬರ ಗಾಯ ನೋಡಿ ಹೇಳಲಾಗದು. ಪಟ್ಟಿ ಬಿಚ್ಚಿದಾಗಲೆಲ್ಲ ದೊಡ್ಡವ್ವ ಪಕ್ಕ ಕೂತು ನೋಡುತ್ತಿದ್ದಳು. ಗಾಯದ ಅಂಚಿನಿಂದ ತೆಳುವಾದ ಗುಲಾಬಿ ಚರ್ಮ ದಿನಕ್ಕೆ ಕೂದಲೆಳೆಯಷ್ಟು ಒಳಗೆ ತೆವಳುತ್ತಿತ್ತು. ಆರನೇ ವಾರದ ಹೊತ್ತಿಗೆ ಅವಳೇ ಅಗಸಿ ಹುರಿದು, ಬೆಳ್ಳುಳ್ಳಿ ಹಾಕಿ ಕುಟ್ಟಿ, ಅವ್ವನ ತಟ್ಟೆಗೆ ಹಿಂಡಿ ಹಾಕಿ ಅದರ ಮೇಲೆ ಒಂದು ಚಮಚ ಕುಸುಬಿ ಎಣ್ಣೆ ಬಿಟ್ಟಳು.